ಲಕ್ವಕ್ಕೆ ಅರಿಶಿನ: ಇಲಿಯಲ್ಲಿ ಗೆದ್ದದ್ದು, ಮನುಷ್ಯನಲ್ಲಿ ಸೋತದ್ದು

ಜಮಖಂಡಿ, ತೇರದಾಳ, ರಬಕವಿ-ಬನಹಟ್ಟಿ, ಮುಧೋಳ ಸೀಮೆಯ ನೀರಾವರಿ ಹೊಲಗಳಲ್ಲಿ ಕಬ್ಬಿನ ಜೊತೆಗೆ ಬೆಳೆಯುವುದು ಅರಿಶಿನ. ಚಳಿಗಾಲ ಮುಗಿಯುವ ಹೊತ್ತಿಗೆ ಗಡ್ಡೆ ಕಿತ್ತು, ಕುದಿಸಿ, ಬಿಸಿಲಿಗೆ ಹರವಿ, ಒಣಗಿದ ಕೊಂಬನ್ನು ಡ್ರಮ್ಮಿಗೆ ಹಾಕಿ ತಿರುಗಿಸಿ ಪಾಲಿಶ್ ಮಾಡಿ ಸಾಂಗ್ಲಿ ಪೇಟೆಗೆ ಕಳಿಸುತ್ತಾರೆ. ಇದೇ ಅರಿಶಿನದ ಬಗ್ಗೆ ಮೊಬೈಲಿನಲ್ಲಿ ಒಂದು ಮಾತು ಓಡಾಡುತ್ತಿದೆ: ಲಕ್ವ ಹೊಡೆದವರಿಗೆ ಅರಿಶಿನ ಹಾಲು ಕುಡಿಸಿದರೆ ಸತ್ತ ಮೆದುಳಿನ ಕೋಶಗಳು ಮತ್ತೆ ಹುಟ್ಟುತ್ತವೆಯಂತೆ. ಈ ಮಾತು ಪೂರ್ತಿ ಗಾಳಿಸುದ್ದಿಯಲ್ಲ. ಇದರ ಹಿಂದೆ ನಾಲ್ಕು ದಶಕಗಳ ಸಂಶೋಧನೆಯಿದೆ. ಆದರೆ ಆ ಸಂಶೋಧನೆ ಹೇಳಿದ್ದೇ ಬೇರೆ.

ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗ ಆ ಭಾಗದ ಕೋಶಗಳೆಲ್ಲ ಒಂದೇ ಏಟಿಗೆ ಸಾಯುವುದಿಲ್ಲ. ನಡುವಿನವು ಬೇಗ ಸಾಯುತ್ತವೆ. ಸುತ್ತಲಿನವು ಕೆಲಸ ನಿಲ್ಲಿಸಿ, ಅರೆಜೀವದಲ್ಲಿ ಕೆಲವು ಗಂಟೆ ಕಾಯುತ್ತವೆ. ಆಸ್ಟ್ರಪ್, ಸೈಮನ್ ಮೊದಲಾದ ಸಂಶೋಧಕರು 1970ರ ದಶಕದ ಕೊನೆಯಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆ ಆಸೆ ಚಿಗುರಿತು. ರಕ್ತ ಮರಳುವ ತನಕ ಈ ಕೋಶಗಳನ್ನು ಹೇಗಾದರೂ ಉಳಿಸಿಕೊಂಡರೆ? ಅವನ್ನು ಕೊಲ್ಲುವುದು ಮಿತಿಮೀರಿ ಸುರಿಯುವ ಗ್ಲುಟಮೇಟ್, ಒಳನುಗ್ಗುವ ಕ್ಯಾಲ್ಸಿಯಂ, ಕೊಬ್ಬಿನ ಪೊರೆಯನ್ನು ಸುಡುವ ಆಮ್ಲಜನಕದ ಉಗ್ರ ಕಣಗಳು ಎಂಬುದೂ ತಿಳಿಯಿತು. ಆ ಉಗ್ರ ಕಣಗಳನ್ನು ತಡೆಯುವ ಗುಣ ಹಲವು ಸಸ್ಯಗಳ ಬಣ್ಣ ಮತ್ತು ಒಗರಿನಲ್ಲೇ ಇದೆ. ಹೀಗೆ ಸಂಶೋಧಕರ ಕಣ್ಣು ಅಡುಗೆಮನೆಯತ್ತ ಹೊರಳಿತು.

ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಈ ದಾರಿಯಲ್ಲಿ ಮುಂಚೆಯೇ ಇತ್ತು. ಅಲ್ಲಿನ ರೆಡ್ಡಿ ಮತ್ತು ಲೋಕೇಶ್ 1992ರಲ್ಲಿ ಇಲಿಯ ಯಕೃತ್ತಿನ ಪೊರೆಯನ್ನು ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಈ ಸುಡುವಿಕೆಯಿಂದ ಕಾಪಾಡುವುದನ್ನು ದಾಖಲಿಸಿದರು. 2000ದ ನಂತರ ಹಲವು ದೇಶಗಳಲ್ಲಿ ಇಲಿಯ ಮೆದುಳಿನ ನಾಳ ಕಟ್ಟಿ, ಹೊಟ್ಟೆಗೆ ಕರ್ಕ್ಯುಮಿನ್ ಚುಚ್ಚಿ ನೋಡಿದರು. ಸತ್ತ ಭಾಗ ಚಿಕ್ಕದಾಯಿತು. ಈರುಳ್ಳಿಯ ಕ್ವರ್ಸೆಟಿನ್, ದ್ರಾಕ್ಷಿಯ ರೆಸ್ವೆರಟ್ರಾಲ್, ದಾಳಿಂಬೆಯ ಒಗರಿನ ಅಂಶಗಳಿಂದಲೂ ಇಂಥದೇ ಫಲಿತಾಂಶ ಬಂತು. ಈ ನಾಲ್ಕೂ ಬೆಳೆಗಳು ಬಾಗಲಕೋಟೆ ಜಿಲ್ಲೆಯವೇ ಎಂದು ಹೆಮ್ಮೆಪಡಬಹುದು. ಆದರೆ ಇಲಿಗೆ ಔಷಧ ಸಿಕ್ಕಿದ್ದು ನಾಳ ಕಟ್ಟುವ ಮೊದಲು, ಇಲ್ಲವೇ ಕಟ್ಟಿದ ಕೂಡಲೇ. ಆ ಇಲಿಗಳು ಬಹುಪಾಲು ಎಳೆಯವು. ಅವಕ್ಕೆ ಬಿಪಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಬೀಡಿ-ತಂಬಾಕು ಇಲ್ಲ. ಬೀಳಗಿಯ ಅರವತ್ತೈದರ ಅಜ್ಜನಿಗೆ ಸಾಮಾನ್ಯವಾಗಿ ಇವುಗಳಲ್ಲಿ ಎರಡಾದರೂ ಇರುತ್ತವೆ.

ಹೊಟ್ಟೆಗೆ ಹೋದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಷ್ಟ ಎಂಬುದು ಎರಡನೆಯ ತೊಡಕು. ಇದನ್ನು ಚೆನ್ನಾಗಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗ. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಅದು ಪತ್ತೆಯೇ ಆಗಲಿಲ್ಲ, ಇಲ್ಲವೇ ತೀರಾ ಕಡಿಮೆ ಇತ್ತು. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಸುಮಾರು ಇಪ್ಪತ್ತು ಪಟ್ಟು ಏರಿತು, ಅದೂ ಮೊದಲ ಒಂದು ಗಂಟೆಯ ಮಟ್ಟಿಗೆ. ಇಂದು ಜಗತ್ತಿನೆಲ್ಲೆಡೆ ಅರಿಶಿನ ಕ್ಯಾಪ್ಸೂಲಿನ ಡಬ್ಬಿಯ ಮೇಲೆ ‘ಮೆಣಸಿನ ಸಾರ ಸೇರಿದೆ’ ಎಂದು ಬರೆಯುವುದಕ್ಕೆ ಈ ಬೆಂಗಳೂರಿನ ಪ್ರಯೋಗವೇ ಆಧಾರ. ಆದರೆ ‘ಇಪ್ಪತ್ತು ಪಟ್ಟು’ ಎಂದು ಹಿಗ್ಗುವವರು ಮೂಲ ಮೊತ್ತ ಎಷ್ಟಿತ್ತೆಂದು ಕೇಳುವುದಿಲ್ಲ. ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಬೇಕು. ಅರಿಶಿನ ಪುಡಿಯಲ್ಲಿ ನೂರಕ್ಕೆ ಮೂರು ಭಾಗ ಕರ್ಕ್ಯುಮಿನ್ ಇದೆ ಎಂದುಕೊಂಡರೆ, 2 ಗ್ರಾಂ ಸಿಗಲು 65 ಗ್ರಾಂಗಿಂತ ಹೆಚ್ಚು ಪುಡಿ ಬೇಕು. ಹಾಲಿಗೆ ನಾವು ಹಾಕುವುದು ಒಂದು ಚಿಟಿಕೆ.

ಅಮೆರಿಕದ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು 2017ರಲ್ಲಿ ಕರ್ಕ್ಯುಮಿನ್ ಮೇಲಿನ ನೂರಕ್ಕೂ ಹೆಚ್ಚು ಮಾನವ ಪ್ರಯೋಗಗಳನ್ನು ಜಾಲಾಡಿತು. ಯಾವ ರೋಗದಲ್ಲೂ ಕಟ್ಟುನಿಟ್ಟಾದ ಪರೀಕ್ಷೆಯಲ್ಲಿ ಅದು ಗೆದ್ದ ಉದಾಹರಣೆ ಇಲ್ಲವೆಂದು ಬರೆಯಿತು. ಕಟುವಾದ ತೀರ್ಪು, ಆದರೆ ಅನ್ಯಾಯದ್ದಲ್ಲ.

ಸೋತದ್ದು ಅರಿಶಿನವೊಂದೇ ಅಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಲೆಕ್ಕ ಹಾಕಿದಾಗ ಲಕ್ವದಲ್ಲಿ ಮೆದುಳು ಕಾಯಲೆಂದು ಪ್ರಯೋಗಕ್ಕೊಳಗಾದ ಚಿಕಿತ್ಸೆಗಳು 1,026 ಇದ್ದವು. ಅದೇ ವರ್ಷ, ಮೊದಲ ಪ್ರಯೋಗದಲ್ಲಿ ಭಾರೀ ಭರವಸೆ ಹುಟ್ಟಿಸಿದ ಎನ್‌ಎಕ್ಸ್‌ವೈ-059 ಎಂಬ ಕೃತಕ ಔಷಧ ಅದಕ್ಕಿಂತ ದೊಡ್ಡ ಮುಂದಿನ ಪ್ರಯೋಗದಲ್ಲಿ ಮುಗ್ಗರಿಸಿತು. ಚೀನಾದ ಗಿಡಮೂಲಿಕೆಗಳ ಮಿಶ್ರಣ ನ್ಯೂರೋಏಡ್ ಅನ್ನು ಏಷ್ಯಾದ ಸುಮಾರು 1,100 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2013ರಲ್ಲಿ ಬಂತು. ಮೂರು ತಿಂಗಳಲ್ಲಿ ಗಟ್ಟಿ ಎನ್ನುವ ವ್ಯತ್ಯಾಸ ಕಾಣಲಿಲ್ಲ. ಗಿಂಕ್ಗೊ ಎಲೆಯ ಕಥೆಯೂ ಹೆಚ್ಚುಕಡಿಮೆ ಅದೇ.

ಅಷ್ಟರಲ್ಲಿ ಇನ್ನೊಂದು ದಿಕ್ಕಿನಲ್ಲಿ ಗೆಲುವು ಬಂದಿತ್ತು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೆಲಸ ಮಾಡುತ್ತದೆಂದು 1995ರಲ್ಲಿ ಸಾಬೀತಾಯಿತು. ಮೊದಲು ಮೂರು ಗಂಟೆಯಿದ್ದ ಗಡುವು 2008ರ ಪ್ರಯೋಗದ ಬಳಿಕ ನಾಲ್ಕೂವರೆ ಗಂಟೆಗೆ ಏರಿತು. ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನಕ್ಕೆ 2015ರಲ್ಲಿ ಸಾಲುಸಾಲು ಪುರಾವೆ ಸಿಕ್ಕಿತು. ಸಸ್ಯದ ಅಂಶಗಳಿಗೂ ಇದರಿಂದ ಹೊಸ ಜೀವ ಬಂತು. ರಕ್ತವೇ ಹರಿಯದ ಜಾಗಕ್ಕೆ ಔಷಧ ತಲುಪುವುದಾದರೂ ಹೇಗೆ? ದಾರಿ ತೆರೆದರೆ ತಲುಪುತ್ತದೆ.

ಕೊತ್ತಂಬರಿ, ಓಮಿನ ಕುಟುಂಬದ ಸೆಲರಿ ಬೀಜದಲ್ಲಿ ಸಿಕ್ಕ ಬ್ಯುಟೈಲ್‌ಥಾಲೈಡ್ ಚೀನಾದಲ್ಲಿ ಬಹುಕಾಲದಿಂದ ಲಕ್ವದ ಔಷಧ. ಈಗ ಅದನ್ನು ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ಹೆಪ್ಪು ಕರಗಿಸುವ ಅಥವಾ ತೆಗೆಯುವ ಚಿಕಿತ್ಸೆ ಪಡೆದ 1,216 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. 14 ದಿನ ಚುಚ್ಚುಮದ್ದು, ನಂತರ 90ನೇ ದಿನದವರೆಗೆ ಕ್ಯಾಪ್ಸೂಲ್. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಔಷಧ ಪಡೆದವರಲ್ಲಿ ಶೇ 56.7ರಷ್ಟು ಮಂದಿ ಚೆನ್ನಾಗಿ ಚೇತರಿಸಿಕೊಂಡರು. ಹುಸಿ ಔಷಧ ಪಡೆದವರಲ್ಲಿ ಶೇ 44. ಎಡಾರವೋನ್ ಎಂಬ ಔಷಧಕ್ಕೆ ಬೋರ್ನಿಯಾಲ್ ಸೇರಿಸಿದ ಪ್ರಯೋಗದಲ್ಲೂ (2021) ಲಾಭ ಕಂಡಿತು. ಬೋರ್ನಿಯಾಲ್ ಎಂದರೆ ಹಳಬರು ಭೀಮಸೇನಿ ಕರ್ಪೂರ ಎನ್ನುತ್ತಿದ್ದ ವಸ್ತುವಿನ ಮುಖ್ಯ ಅಂಶ. ಎರಡೂ ಪ್ರಯೋಗ ನಡೆದಿದ್ದು ಚೀನಾದಲ್ಲಿ ಮಾತ್ರ. ಬೇರೆ ದೇಶದ ರೋಗಿಗಳಲ್ಲೂ ಅದೇ ಫಲ ಬರುವ ತನಕ ನಾನಂತೂ ಚಪ್ಪಾಳೆ ತಟ್ಟಲಾರೆ.

ಲಕ್ವದಿಂದ ಖಂಡಿತವಾಗಿ ಜನರನ್ನು ಉಳಿಸಿದ ಸಸ್ಯಮೂಲದ ಔಷಧಗಳ ಹೆಸರು ಈ ಚರ್ಚೆಯಲ್ಲಿ ಬರುವುದೇ ಇಲ್ಲ. ಸರ್ಪಗಂಧ ರಕ್ತದೊತ್ತಡ ಇಳಿಸುತ್ತದೆಂದು ಮುಂಬೈನ ಡಾ. ರುಸ್ತುಂ ವಕೀಲ್ 1949ರಲ್ಲಿ ಜಗತ್ತಿಗೆ ತಿಳಿಸಿದರು. ಅದರ ರಿಸರ್ಪಿನ್ ಸೇರಿದ ಮಾತ್ರೆಗಳನ್ನು ಅಮೆರಿಕದ 380 ಮಾಜಿ ಸೈನಿಕರ ಪ್ರಯೋಗದಲ್ಲಿ ಬಳಸಿದರು. 1970ರ ವರದಿಯ ಪ್ರಕಾರ ಚಿಕಿತ್ಸೆ ಇಲ್ಲದವರಲ್ಲಿ 20 ಮಂದಿಗೆ ಲಕ್ವ ಹೊಡೆದಿದ್ದರೆ, ಚಿಕಿತ್ಸೆ ಪಡೆದವರಲ್ಲಿ 5 ಮಂದಿಗೆ. ಇನ್ನೊಂದು ವಾರ್ಫರಿನ್. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಕೆಟ್ಟ ಮೇವು ತಿಂದು ಸತ್ತ ಆಕಳನ್ನೂ ಅದರ ಹೆಪ್ಪುಗಟ್ಟದ ರಕ್ತದ ಕ್ಯಾನನ್ನೂ ವಿಶ್ವವಿದ್ಯಾಲಯಕ್ಕೆ ತಂದ. ಆ ಮೇವಿನ ವಿಷದ ಜಾಡು ಹಿಡಿದು ಹುಟ್ಟಿದ ಔಷಧವಿದು. ಹೃದಯಬಡಿತ ತಪ್ಪಿದವರಲ್ಲಿ ಲಕ್ವ ತಡೆಯುತ್ತದೆ. ಇವೆರಡೂ ಸಾಯುವ ಮೆದುಳಿನ ಕೋಶವನ್ನು ಕಾಪಾಡಲು ಹೊರಟವಲ್ಲ. ಒಂದು ಒತ್ತಡ ಇಳಿಸಿತು, ಇನ್ನೊಂದು ಹೆಪ್ಪು ತಡೆಯಿತು.

ಅರಿಶಿನ ಅಡುಗೆಯಲ್ಲಿರಲಿ, ಅದರಿಂದ ತೊಂದರೆಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮಾತ್ರ ಅರಿಶಿನ-ಮೆಣಸಿನ ಕ್ಯಾಪ್ಸೂಲ್ ತೆಗೆದುಕೊಳ್ಳುವ ಮೊದಲು ವೈದ್ಯರಿಗೆ ಹೇಳಬೇಕು. ಮೆಣಸಿನ ಸಾರ ಬೇರೆ ಔಷಧಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಮುಖ ಸೊಟ್ಟಗಾಗಿ, ಕೈ ಜೋತುಬಿದ್ದು, ಮಾತು ತೊದಲಿದರೆ ಲಕ್ವದ ಔಷಧ ಕೊಡುವ ಊರು ಹುಡುಕಬೇಡಿ, ಪಾರಿವಾಳದ ರಕ್ತ ತಿಕ್ಕಬೇಡಿ. ರೋಗಿ ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟುಕೊಂಡು 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ದಾರಿಯಲ್ಲಿ ಬಾಯಿಗೆ ಏನೂ ಹಾಕಬೇಡಿ, ಅರಿಶಿನ ಹಾಲಂತೂ ಬೇಡವೇ ಬೇಡ: ಲಕ್ವದಲ್ಲಿ ನುಂಗುವ ಶಕ್ತಿ ಹೋಗಿದ್ದರೆ ಹಾಲು ಇಳಿಯುವುದು ಶ್ವಾಸಕೋಶಕ್ಕೆ.