ಮೀರತ್‌ನಿಂದ ತುಮಕೂರಿಗೆ ಒಂದು ಅರ್ಜಿ

ನಮ್ಮ ಎದುರು ಟವರಿನಲ್ಲಿ ಹುಬ್ಬಳ್ಳಿ ಕಡೆಯ ಒಂದು ಸಂಸಾರವಿದೆ. ಇಂದಿರಾಪುರಂನ ನ್ಯಾಯ ಖಂಡಕ್ಕೆ ಅವರು ಬಂದು ಹದಿನೈದು ವರ್ಷವಾಯಿತಂತೆ. ಮಗಳು ಹನ್ನೆರಡನೇ ತರಗತಿ. ಚಳಿಗಾಲದ ಒಂದು ಸಂಜೆ ತಾಯಿ ಮಗಳಿಬ್ಬರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. "ಅಕ್ಕಾರ, ನೀವು ಕನ್ನಡದಾಗ ಎಂ.ಎ. ಮಾಡೀರಲ್ಲ, ಇದನ್ನೊಂದೀಟು ನೋಡ್ರಿ" ಅಂದರು. ನನ್ನದು ಭಾಷಾವಿಜ್ಞಾನ ಎಂದು ತಿದ್ದುವುದನ್ನು ನಾನು ಬಿಟ್ಟು ಬಹಳ ಕಾಲವಾಗಿದೆ.

ಪರದೆಯ ಮೇಲಿದ್ದದ್ದು ಕರ್ನಾಟಕದ ಸಿಇಟಿ ಕೈಪಿಡಿ. ಹುಡುಗಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಬೇಕು. ಆದರೆ ಅಲ್ಲಿನ ಸರ್ಕಾರಿ ಕೋಟಾದ ಸೀಟಿಗೆ ಮೊದಲ ಷರತ್ತೇ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಎಂಬುದು. ಇವಳು ಓದಿದ್ದೆಲ್ಲ ಗಾಜಿಯಾಬಾದಿನ ಸಿಬಿಎಸ್‌ಇ ಶಾಲೆಯಲ್ಲಿ. ಷರತ್ತುಗಳ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತ ಹೋದರೆ 'ಹೊರನಾಡು ಕನ್ನಡಿಗ' ಎಂಬ ಸಾಲು ಸಿಗುತ್ತದೆ. ಮೂಲ ಕರ್ನಾಟಕದ್ದಾಗಿದ್ದು, ಹೊರಗೆ ನೆಲೆಸಿ, ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿದ್ದರೆ ಈ ಬಾಗಿಲಿನಿಂದ ಬರಬಹುದು. ಆದರೆ ಕರ್ನಾಟಕಕ್ಕೆ ಹೋಗಿ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. 50 ಅಂಕದ ಪತ್ರಿಕೆ, ಕನಿಷ್ಠ 12 ಬರಬೇಕು, ಮಟ್ಟ ನಾಲ್ಕನೇ ತರಗತಿಯದು.

ಕ್ಯಾಲ್ಕುಲಸ್ ಸಲೀಸಾಗಿ ಮಾಡುವ ಹುಡುಗಿ ನಾಲ್ಕನೇ ತರಗತಿಯ ಕನ್ನಡ ಎಂದ ಕೂಡಲೇ ಮುಖ ಸಣ್ಣದು ಮಾಡಿಕೊಂಡಳು. ಅವಳಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ.

ಆ ರಾತ್ರಿ ನನಗೆ ನೆನಪಾದದ್ದು ಮೀರತ್‌ನ ಇನ್ನೊಬ್ಬ ಹುಡುಗಿ. ನಮ್ಮಲ್ಲಿಂದ ಮೀರತ್ ಸುಮಾರು 60 ಕಿಲೋಮೀಟರ್. ಈಗ ಸಾಹಿಬಾಬಾದಿನಲ್ಲಿ ನಮೋ ಭಾರತ್ ರೈಲು ಹತ್ತಿದರೆ ಒಂದು ನಿದ್ದೆಗೂ ಸಾಲದ ದೂರ. ಅವಳ ಹೆಸರನ್ನು ಕಾನೂನು ಓದಿದವರೆಲ್ಲ ಬಲ್ಲರು, ಏಕೆಂದರೆ ಅದು ಈಗ ಒಂದು ಮೊಕದ್ದಮೆಯ ಹೆಸರು: ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ.

1991ರಲ್ಲಿ ಅವಳು ತುಮಕೂರಿನ ಅಗಳಕೋಟೆಯ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿಗೆ ಎಂಬಿಬಿಎಸ್ ಸೀಟು ಕೇಳಿ ಅರ್ಜಿ ಹಾಕಿದ್ದಳು. ಮೊದಲ ವರ್ಷದ ಬೋಧನಾ ಶುಲ್ಕ 60,000 ರೂಪಾಯಿ ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಖಾತರಿ ಕೊಡಿ ಎಂಬ ಉತ್ತರ ಬಂತು. ಅಷ್ಟು ಹಣ ನಮ್ಮಿಂದಾಗದು ಎಂದರು ಅವಳ ತಂದೆ. ಸೀಟು ಸಿಗಲಿಲ್ಲ. ಇದರ ಮೇಲೆ ಇನ್ನೂ ನಾಲ್ಕೂವರೆ ಲಕ್ಷ ಕೇಳಿದರು ಎಂಬುದು ಅವಳ ಆರೋಪ. ಆಡಳಿತ ಮಂಡಳಿ ಅದನ್ನು ಖಡಾಖಂಡಿತವಾಗಿ ಅಲ್ಲಗಳೆಯಿತು. ಅವಳು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದಳು.

ಆ 60,000 ಕಾಲೇಜು ಮನಸ್ಸಿಗೆ ಬಂದಂತೆ ಹೇಳಿದ ಮೊತ್ತವಾಗಿರಲಿಲ್ಲ. ಅದು ಸರ್ಕಾರದ ಅಧಿಸೂಚನೆಯಲ್ಲೇ ಇತ್ತು. 1989ರ ಜೂನ್ 5ರ ಆ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನ ಒಂದೇ ತರಗತಿಯಲ್ಲಿ, ಒಂದೇ ಬೆಂಚಿನಲ್ಲಿ ಕೂತವರಿಗೆ ಮೂರು ಬೆಲೆ. ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ. ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000ದವರೆಗೆ. ಕರ್ನಾಟಕದ ಹೊರಗಿನ ಭಾರತೀಯರಿಗೆ 60,000ದವರೆಗೆ. ನೀನು ಎಲ್ಲಿಯವಳು ಎಂಬುದರ ಮೇಲೆ ಬೆಲೆ ಮೂವತ್ತು ಪಟ್ಟಾಗುತ್ತಿತ್ತು.

ಇಷ್ಟಾಗಿಯೂ ವಂತಿಗೆಯನ್ನು ನಿಷೇಧಿಸಿ 1984ರಲ್ಲೇ ಕರ್ನಾಟಕ ಕಾನೂನು ಮಾಡಿತ್ತು. ಈ ವಂತಿಗೆ ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು, ಇದು ನನ್ನ ಕಸುಬಿನ ಚಟ. ಇಂಗ್ಲಿಷಿನ 'ಕ್ಯಾಪಿಟೇಷನ್' ಹುಟ್ಟಿದ್ದು ತಲೆ ಎಂಬರ್ಥದ ಲ್ಯಾಟಿನ್ ಪದದಿಂದ. ತಲೆ ಎಣಿಸಿ ವಸೂಲಿ ಮಾಡುವುದು, ನಮ್ಮ ತಲೆಗಂದಾಯದ ಹಾಗೆ. ಕನ್ನಡ ಪತ್ರಿಕೆಗಳು ಅದಕ್ಕೆ ಆರಿಸಿಕೊಂಡ 'ವಂತಿಗೆ' ಇನ್ನೊಂದು ಲೋಕದ ಪದ. ಊರ ಜಾತ್ರೆಗೆ, ಗುಡಿಯ ಜೀರ್ಣೋದ್ಧಾರಕ್ಕೆ ಮನೆಮನೆಯಿಂದ ಎತ್ತುವ ಪಾಲು ಅದು. ಒಂದು ಕಾಲಕ್ಕೆ ಓದುವ ಹುಡುಗರ ವಿಷಯದಲ್ಲೂ ವಂತಿಗೆಗೆ ಅದೇ ಒಳ್ಳೆಯ ಅರ್ಥವಿತ್ತು. ಹೈಸ್ಕೂಲು, ಕಾಲೇಜಿಗೆಂದು ಪೇಟೆಗೆ ಬಂದ ಬಡ ಹುಡುಗನ ಮೊದಲ ಪರೀಕ್ಷೆ ಊಟದ್ದು. ವಾರಾನ್ನ ಎಂದರೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದರ ಮುಂದಿನ ಹೆಜ್ಜೆಯಾಗಿ ಜಾತಿಸಂಘಗಳ ಬೋರ್ಡಿಂಗುಗಳು, ಮಠಗಳ ಉಚಿತ ನಿಲಯಗಳು, ಸಿರಸಂಗಿ ಲಿಂಗರಾಜ ದೇಸಾಯಿಯವರ ಆಸ್ತಿಯಿಂದ ನಡೆದ ವಿದ್ಯಾರ್ಥಿವೇತನಗಳು ಬಂದವು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆಎಲ್‌ಇ ಸಂಸ್ಥೆ ಕಟ್ಟಿದ್ದೂ ಊರವರ ದುಡ್ಡಿನಿಂದಲೇ. ಆಗ ಊರು ವಂತಿಗೆ ಕೊಟ್ಟು ಹುಡುಗನನ್ನು ಓದಿಸುತ್ತಿತ್ತು. 1980ರ ಹೊತ್ತಿಗೆ ಹುಡುಗನ ಅಪ್ಪ ಹೊಲ ಮಾರಿ ವಂತಿಗೆ ಕೊಡಬೇಕಾಯಿತು.

ನಡುವೆ ಮಣಿಪಾಲವಿದೆ. 1953ರಲ್ಲಿ ಟಿ.ಎಂ.ಎ. ಪೈ ಅವರು ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಾಗ ಖಾಸಗಿಯವರು ವಿದ್ಯಾರ್ಥಿಗಳ ಹಣದಿಂದಲೇ ವೈದ್ಯಕೀಯ ಕಾಲೇಜು ನಡೆಸುವುದು ದೇಶಕ್ಕೆ ಹೊಸದು. ಸರ್ಕಾರದ ಬಳಿ ಹಣವಿಲ್ಲ, ಡಾಕ್ಟರಾಗಬೇಕೆನ್ನುವ ಮಕ್ಕಳ ಮನೆಯವರೇ ಕಾಲೇಜು ಕಟ್ಟಲು ಕೊಡಲಿ ಎಂಬ ಲೆಕ್ಕ. ಆ ಲೆಕ್ಕದಲ್ಲಿ ಕಪಟವಿತ್ತೆಂದು ನನಗನ್ನಿಸುವುದಿಲ್ಲ. ಆ ಗುಡ್ಡದ ಮೇಲೆ ಆಸ್ಪತ್ರೆ ಎದ್ದದ್ದು ಕಣ್ಣಮುಂದಿದೆ. ಆದರೆ ಅದನ್ನು ಊರೂರಿನವರು ನಕಲು ಮಾಡಿದಾಗ ಉಳಿದದ್ದು ವಸೂಲಿ ಮಾತ್ರ. ಉತ್ತರ ಭಾರತದಲ್ಲಿ ಬೆಂಗಳೂರು, ದಾವಣಗೆರೆ, ತುಮಕೂರು ಎಂಬ ಹೆಸರುಗಳು 'ಡೊನೇಷನ್ ಸೀಟು' ಎಂಬುದರ ಜೊತೆಗೇ ಪರಿಚಯವಾದವು. ನಮ್ಮ ಸೊಸೈಟಿಯ ಹಿರಿಯರೊಬ್ಬರು ನಾನು ಕರ್ನಾಟಕದವಳು ಎಂದಾಗ ಮೊದಲು ಕೇಳಿದ್ದು, ಅಲ್ಲಿ ಈಗ ಸೀಟಿಗೆ ಎಷ್ಟು ನಡೆಯುತ್ತಿದೆ ಎಂದು.

1992ರ ಜುಲೈ 30ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ತೀರ್ಪು ಕೊಟ್ಟರು. ಬೋಧನಾ ಶುಲ್ಕ ಎಂಬ ಹೆಸರಿಟ್ಟರೂ ಆ 60,000 ವಂತಿಗೆಯೇ, ಅಧಿಸೂಚನೆಯ ಆ ಭಾಗ ರದ್ದು ಎಂದರು. ಅಲ್ಲಿಗೇ ನಿಲ್ಲದೆ, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಿಂದಲೇ ಶಿಕ್ಷಣದ ಹಕ್ಕು ಹುಟ್ಟುತ್ತದೆ ಎಂದರು. ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕತೆ ಇಲ್ಲಿಗೆ ಮುಗಿಯುತ್ತದೆ.

ತೀರ್ಪಿನ ಕೊನೆಯನ್ನು ಓದಿದರೆ ಬೇರೆ ಸಂಗತಿ ಕಾಣುತ್ತದೆ. ತೀರ್ಪು ಅನ್ವಯಿಸುವುದು ಮುಂದಿನ ದಿನಗಳಿಗೆ. ಅರ್ಜಿದಾರಳು ಪ್ರತಿಭೆಯ ಸರದಿಯಲ್ಲಿ ಬಂದವಳಲ್ಲ, ಕೋರ್ಸು 1991ರ ಮಾರ್ಚ್ ಏಪ್ರಿಲ್‌ನಲ್ಲೇ ಶುರುವಾಗಿದೆ, ಆದ್ದರಿಂದ ಅವಳಿಗೆ ಪರಿಹಾರ ಕೊಡಲು ಆಧಾರವಿಲ್ಲ. ಗೆದ್ದ ಹುಡುಗಿಗೆ ಸೀಟು ಸಿಗಲಿಲ್ಲ. ಮರುವರ್ಷ ಐದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಪ್ರಕರಣದಲ್ಲಿ ಶಿಕ್ಷಣದ ಆ ಹಕ್ಕನ್ನು 14 ವರ್ಷ ವಯಸ್ಸಿನವರೆಗೆ ಎಂದು ಮಿತಿಗೊಳಿಸಿತು. 2002ರ 86ನೇ ತಿದ್ದುಪಡಿ ಅದನ್ನು 6ರಿಂದ 14 ವರ್ಷದ ಮಕ್ಕಳ ಮೂಲಭೂತ ಹಕ್ಕಾಗಿ ಸಂವಿಧಾನಕ್ಕೆ ಸೇರಿಸಿತು. ವೈದ್ಯಕೀಯ ಸೀಟಿಗಾಗಿ ಶುರುವಾದ ಜಗಳದಿಂದ ಒಂದನೇ ತರಗತಿಯ ಮಕ್ಕಳಿಗೆ ಹಕ್ಕು ಬಂತು. ಹನ್ನೆರಡನೇ ತರಗತಿ ದಾಟಿದವರು ಅದರ ಹೊರಗೆ ಉಳಿದರು.

ಅವರ ಪಾಲಿಗೆ ಬಂದದ್ದು ಸಿಇಟಿ. 1993ರ ಫೆಬ್ರವರಿಯ ಉನ್ನಿಕೃಷ್ಣನ್ ತೀರ್ಪು ಒಂದು ಇಡೀ ಯೋಜನೆಯನ್ನೇ ಬರೆದುಕೊಟ್ಟಿತ್ತು: ಖಾಸಗಿ ವೃತ್ತಿಪರ ಕಾಲೇಜಿನ ಅರ್ಧ ಸೀಟು ಸರ್ಕಾರಿ ಶುಲ್ಕದ 'ಫ್ರೀ ಸೀಟು', ಇನ್ನರ್ಧ 'ಪೇಮೆಂಟ್ ಸೀಟು', ಎರಡಕ್ಕೂ ಪ್ರವೇಶ ಪ್ರತಿಭೆಯ ಪಟ್ಟಿಯಿಂದಲೇ. ಇದನ್ನು ನಡೆಸಲು ಕರ್ನಾಟಕ 1994ರಲ್ಲಿ ಸಿಇಟಿ ಘಟಕ ಸ್ಥಾಪಿಸಿತು. ಇಂದಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅದರದೇ ಬೆಳೆದ ರೂಪ.

ನಾನು ಸಿಇಟಿ ಬರೆದವಳು. ತೀರ್ಥಹಳ್ಳಿಯಲ್ಲಿ ಪಿಯುಸಿ ಮುಗಿಸಿ, ಅಪ್ಪನ ಜೊತೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕೌನ್ಸೆಲಿಂಗ್‌ಗೆ ಹೋಗಿದ್ದೆ. ಪರದೆಯ ಮೇಲೆ ಕಾಲೇಜುಗಳ ಹೆಸರು, ಪಕ್ಕದಲ್ಲಿ ಉಳಿದ ಸೀಟುಗಳ ಸಂಖ್ಯೆ. ಒಂದೊಂದು ರ‍್ಯಾಂಕಿನವರು ಒಳಗೆ ಹೋದಂತೆ ಸಂಖ್ಯೆ ಇಳಿಯುತ್ತಿತ್ತು. ಅಪ್ಪ ಅದನ್ನು ಕ್ರಿಕೆಟ್ ಸ್ಕೋರಿನ ಹಾಗೆ ನೋಡುತ್ತ, "ಎಲ್ಲ ಕಣ್ಣೆದುರೇ ನಡೀತಲ್ಲ ಮಾರಾಯ್ತಿ" ಎಂದದ್ದು ನೆನಪಿದೆ. ನನಗೆ ಬೇಕಾದದ್ದು ಸಿಗಲಿಲ್ಲ, ಬಿ.ಎ.ಗೆ ಹೋದೆ, ಅದರ ಬಗ್ಗೆ ದುಃಖವೇನಿಲ್ಲ. ಆದರೆ ಯಾರನ್ನೂ ಹಿಡಿಯದೆ, ಯಾರಿಗೂ ಕೈಮುಗಿಯದೆ ಒಂದು ಸೀಟು ತಪ್ಪಬಹುದು ಎಂಬುದು ಅಪ್ಪನ ತಲೆಮಾರಿಗೆ ಹೊಸ ಅನುಭವ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿಯೂ ಇದೆ. ಕರ್ನಾಟಕ ತನ್ನ ಮಕ್ಕಳಿಗಾಗಿ ಮಾಡಿದ ಹೆಚ್ಚು ನ್ಯಾಯದ ಕೆಲಸಗಳಲ್ಲಿ ಇದೊಂದು ಎಂದೇ ನನ್ನ ಎಣಿಕೆ.

ಹಾಗೆಂದು ಹಣ ಸುಮ್ಮನಿರಲಿಲ್ಲ. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಯೋಜನೆಯನ್ನು ತಳ್ಳಿಹಾಕಿ, ಅನುದಾನವಿಲ್ಲದ ಕಾಲೇಜುಗಳಿಗೆ ಶುಲ್ಕದಲ್ಲೂ ಪ್ರವೇಶದಲ್ಲೂ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಆ ಪ್ರಕರಣದ ಹೆಸರು ಟಿ.ಎಂ.ಎ. ಪೈ ಪ್ರತಿಷ್ಠಾನ ವಿರುದ್ಧ ಕರ್ನಾಟಕ ರಾಜ್ಯ; ಕತೆ ಮತ್ತೆ ಮಣಿಪಾಲಕ್ಕೇ ಬಂತು. ಮುಂದೆ ಖಾಸಗಿ ಕಾಲೇಜುಗಳ ಒಕ್ಕೂಟ ಕಾಮೆಡ್-ಕೆ ಎಂಬ ತನ್ನದೇ ಪರೀಕ್ಷೆ ನಡೆಸಿತು. ದೆಹಲಿ ಸುತ್ತಮುತ್ತಲೂ ಅದಕ್ಕೆ ಕೇಂದ್ರಗಳಿವೆ. ಇನ್ನೊಂದು ಕಡೆ, ಪರೀಕ್ಷೆಯೇ ಬಾಗಿಲಾದ ಮೇಲೆ ಬಾಗಿಲಿಗೆ ಮುಂಚಿನ ಎರಡು ವರ್ಷಕ್ಕೆ ಬೆಲೆ ಬಂತು. ಮಂಗಳೂರು, ಮೂಡುಬಿದಿರೆಯ ಪಿಯು ಕಾಲೇಜುಗಳ ಹಾಸ್ಟೆಲುಗಳಿಗೆ ರಾಜ್ಯದ ಮೂಲೆಮೂಲೆಯಿಂದ ಮಕ್ಕಳು ಹೋಗತೊಡಗಿದರು. ಇಲ್ಲಿ ನಮ್ಮ ಮನೆಯಿಂದ ವೈಶಾಲಿ ಮೆಟ್ರೋ ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ರ‍್ಯಾಂಕು ಬಂದವರ ಫೋಟೋ ಇರುವ ಕೋಚಿಂಗ್ ಹಲಗೆಗಳನ್ನು ಎಣಿಸಿ ಮುಗಿಯುವುದಿಲ್ಲ.

ಭಾಷೆಯ ಕತೆ ಇನ್ನೂ ವಿಚಿತ್ರ. ವೈದ್ಯಕೀಯ ಸೀಟುಗಳು ಸಿಇಟಿಯಿಂದ ನೀಟ್‌ಗೆ ಹೋದ ಮೇಲೆ, 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. 2021ರಿಂದ ಜೆಇಇ ಮೇನ್, 2022ರಿಂದ ಸಿಯುಇಟಿ ಕೂಡ. ಅನುವಾದಕಿಯಾಗಿ ನನಗೆ ಹಿಗ್ಗಬೇಕು. ಆದರೆ ನಮ್ಮ ಪಿಯುಸಿ ವಿಜ್ಞಾನದ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಹತ್ತನೇ ತರಗತಿಯವರೆಗೆ ಜವ, ವೇಗ, ವೇಗೋತ್ಕರ್ಷ ಎಂದು ಕಲಿತ ಹುಡುಗ ಎರಡು ವರ್ಷ ಸ್ಪೀಡ್, ವೆಲಾಸಿಟಿ, ಆಕ್ಸಲರೇಷನ್ ಎಂದು ಓದಿ, ಪರೀಕ್ಷೆಯ ದಿನ ಮತ್ತೆ ಜವಕ್ಕೂ ವೇಗಕ್ಕೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಬೇಕು. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬ ಸೂಚನೆ ಬೇರೆ. ಕನ್ನಡದಲ್ಲಿ ಪರೀಕ್ಷೆ ಕೊಟ್ಟರು, ಅದಕ್ಕೆ ಬೇಕಾದ ಎರಡು ವರ್ಷದ ಕನ್ನಡವನ್ನು ಕೊಡಲಿಲ್ಲ.

ನಮ್ಮ ಎದುರು ಟವರಿನ ಹುಡುಗಿಯದು ಇದರ ತಿರುಗುಮುರುಗು. ಅವಳ ವಿಜ್ಞಾನಕ್ಕೆ ಕನ್ನಡ ಬೇಕಿಲ್ಲ, ಅರ್ಜಿಗೆ ಬೇಕು. ಮೂರು ಬೆಲೆಯ ಆ ಅಧಿಸೂಚನೆ ಹೋಗಿ ಮೂವತ್ತು ವರ್ಷ ದಾಟಿದರೂ ನೀನು ಒಳಗಿನವಳೋ ಹೊರಗಿನವಳೋ ಎಂಬ ಪ್ರಶ್ನೆ ಹೋಗಿಲ್ಲ. ಸರ್ಕಾರಿ ಕೋಟಾದ ಶುಲ್ಕಕ್ಕೂ ಉಳಿದದ್ದಕ್ಕೂ ಇರುವ ಅಂತರ ಅವಳ ಅಪ್ಪನಿಗೆ ಬಾಯಿಪಾಠವಾಗಿದೆ. ಆ ಸಾಲು ಕೈಪಿಡಿಯಲ್ಲಿದೆ ಎಂಬುದೇ ಅವರಿಗೆ ಗೊತ್ತಾದದ್ದು ಹುಬ್ಬಳ್ಳಿಯ ಸೋದರಮಾವ ಫೋನಿನಲ್ಲಿ ಹೇಳಿದ್ದರಿಂದ. ಅಂಥ ಸೋದರಮಾವ ಇಲ್ಲದ ಮನೆಗಳು ನೋಯ್ಡಾ, ಗಾಜಿಯಾಬಾದಿನಲ್ಲಿ ಎಷ್ಟಿವೆಯೋ. ನಿಮ್ಮಲ್ಲಿ ಯಾರಾದರೂ ಹೊರನಾಡಿನಲ್ಲಿದ್ದು, ಮನೆಯಲ್ಲಿ ಹನ್ನೊಂದು ಹನ್ನೆರಡನೇ ತರಗತಿಯ ಮಕ್ಕಳಿದ್ದರೆ, ಆ ವರ್ಷದ ಕೈಪಿಡಿಯ ಅರ್ಹತಾ ಷರತ್ತುಗಳನ್ನು ಕೊನೆಯ ಸಾಲಿನವರೆಗೆ ಓದಿ. ತಹಶೀಲ್ದಾರರ ಪ್ರಮಾಣಪತ್ರಗಳಿಗೆ ದಿನ ಹಿಡಿಯುತ್ತದೆ.

ಶನಿವಾರ, ಭಾನುವಾರ ಸಂಜೆ ಅವಳು ನಮ್ಮ ಊಟದ ಮೇಜಿಗೆ ಬರುತ್ತಾಳೆ. ದೇವನಾಗರಿ ಬಲ್ಲವರಿಗೆ ಕನ್ನಡ ಲಿಪಿ ಬೇಗ ಹತ್ತುತ್ತದೆ. ತೊಡಕು ಇರುವುದು ಹಿಂದಿಯಲ್ಲಿ ಇಲ್ಲದ ಕಡೆ. ಎ, ಏ ಎರಡೂ ಅವಳ ಕೈಗೆ ಒಂದೇ. "ಆಂಟಿ, ಹೊಲದಲ್ಲಿರೋದು ಬೆಳೆನಾ, ಬೇಳೆನಾ?" ಎಂದು ಕೇಳುತ್ತಾಳೆ. ಹೊಲದಲ್ಲಿರುವಾಗ ಬೆಳೆ, ಕುಕ್ಕರಿನಲ್ಲಿರುವಾಗ ಬೇಳೆ ಎಂದೆ, ಅದು ನಿಂತಿತು. ಲ, ಳ ಇನ್ನೂ ನಿಂತಿಲ್ಲ. ಕಳೆದ ವಾರ ಮುಖ್ಯೋಪಾಧ್ಯಾಯರಿಗೆ ರಜಾ ಅರ್ಜಿ ಬರೆಯಲು ಕೊಟ್ಟಿದ್ದೆ. ಬೆಳಿಗ್ಗೆ 'ಹಾಳು' ಕುಡಿದು ಹೊಟ್ಟೆನೋವು ಬಂದಿದೆ, ಎರಡು ದಿನ ರಜೆ ಬೇಕು ಎಂದು ಬರೆದಿದ್ದಳು. ಅವಳಮ್ಮ ಅದನ್ನು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು, "ಇದನ್ನ ಊರಾಗ ಅವರ ಅಜ್ಜಿಗೆ ತೋರಸ್ತೀನ್ರಿ. ಇಕಿ ಕನ್ನಡದಾಗ ಬರದದ್ದು ಅವರು ನೋಡೇ ಇಲ್ಲ" ಅಂದರು.

ಈ ಶನಿವಾರ ಒತ್ತಕ್ಷರ.