ಹಿತ್ತಿಲಿಗೆ ಬಂದ ಟೊಮೆಟೊ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಜನದ ವಿಷಯವನ್ನು ಸಾಂಗವಾಗಿ ನಿರೂಪಿಸಿದ್ದಾನೆ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನಾದರೋ ಪಾಕವಿದ್ಯೆಗೆಂದೇ ‘ಸೂಪಶಾಸ್ತ್ರ’ವೆಂಬ ಕಾವ್ಯವನ್ನು ಷಟ್ಪದಿಯಲ್ಲಿ ರಚಿಸಿ, ಬದನೆಯ ಬಗೆಬಗೆಯ ಪಾಕಗಳನ್ನು ರುಚಿ ಹತ್ತುವಂತೆ ವರ್ಣಿಸಿದನು. ಇವೆರಡರಲ್ಲಿಯೂ ಟೊಮೆಟೊ ಇಲ್ಲ. ಇರುವುದಕ್ಕೆ ಆಸ್ಪದವೂ ಇರಲಿಲ್ಲ. ಇಂದು ಮನೆಮನೆಯ ಸಾರಿನಲ್ಲಿ ಬೆರೆತುಹೋಗಿರುವ ಈ ಹಣ್ಣು ಆಗ ಸಾಗರದ ಆಚೆ ಇದ್ದಿತು.

ಇದರ ಕಾಡುಜಾತಿಗಳು ದಕ್ಷಿಣ ಅಮೆರಿಕೆಯ ಪಡುವಲಲ್ಲಿ, ಪೆರು ಮತ್ತು ಇಕ್ವೆಡಾರ್ ದೇಶಗಳ ಕಡೆ, ಈಗಲೂ ಬೆಳೆಯುತ್ತವೆ. ಅದನ್ನು ಸಾಗುವಳಿಗೆ ತಂದು ಹಣ್ಣನ್ನು ದಪ್ಪಗೆ ಬೆಳೆಯಿಸಿದವರು ಮೆಕ್ಸಿಕೋದ ಮೂಲನಿವಾಸಿಗಳು. ಅವರ ನಾಹುವಾತ್ಲ್ ನುಡಿಯ ‘ತೊಮಾತ್ಲ್’ ಎಂಬ ಶಬ್ದವೇ ಸ್ಪೇನಿನವರ ಬಾಯಲ್ಲಿ ‘ತೊಮಾತೆ’ ಆಯಿತು. 1521ರಲ್ಲಿ ಅಜ್ಟೆಕರ ರಾಜಧಾನಿಯು ಸ್ಪೇನಿಗೆ ವಶವಾದಮೇಲೆ, ಅಲ್ಲಿ ನೆಲಸಿದ ಸಾಹಗುನ್ ಎಂಬ ಪಾದ್ರಿಯು ಸಂತೆಯಲ್ಲಿ ಟೊಮೆಟೊ ಮಾರುವವರನ್ನೂ, ಮೆಣಸಿನಕಾಯಿಯೊಡನೆ ಕೂಡಿಸಿ ಮಾಡುತ್ತಿದ್ದ ಮೇಲೋಗರಗಳನ್ನೂ ವಿವರಿಸಿ ಬರೆದಿಟ್ಟನು.

ಯೂರೋಪಿನವರು ಇದನ್ನು ಸುಲಭವಾಗಿ ನಂಬಲಿಲ್ಲ. ಇಟಲಿಯ ವೈದ್ಯ ಮತ್ತಿಯೋಲಿ 1544ರಲ್ಲಿ ಇದನ್ನು ಹೊಸ ಬಗೆಯ ಬದನೆಯೆಂದೇ ಎಣಿಸಿ, ಹತ್ತು ವರ್ಷಗಳ ಬಳಿಕ ‘ಚಿನ್ನದ ಸೇಬು’ ಎಂಬರ್ಥದ ಹೆಸರನ್ನು ದಾಖಲಿಸಿದನು. ಇಂಗ್ಲೆಂಡಿನ ಜೆರಾರ್ಡನು 1597ರ ತನ್ನ ಸಸ್ಯಗ್ರಂಥದಲ್ಲಿ ಗಿಡವು ದುರ್ಗಂಧದ್ದೆಂದು ಹಳಿದನು. ಸ್ಪೇನ್, ಇಟಲಿಗಳವರು ಅದನ್ನು ಉಪ್ಪು, ಮೆಣಸು, ಎಣ್ಣೆಗಳೊಡನೆ ತಿನ್ನುವರೆಂಬುದನ್ನು ಬಲ್ಲವನಾಗಿಯೂ ಹಳಿದನು! ನೇಪಲ್ಸಿನ ಲತೀನಿಯ ಪಾಕಗ್ರಂಥದಲ್ಲಿ ಟೊಮೆಟೊ ಗೊಜ್ಜಿನ ವಿಧಾನವು ಅಚ್ಚಾದುದು ಹದಿನೇಳನೆಯ ಶತಮಾನದ ಕೊನೆಯ ದಶಕದಲ್ಲಿ. ಹಣ್ಣು ಬಂದು ಒಂದೂವರೆ ಶತಮಾನ ಕಳೆದಿದ್ದಿತು. ಉಮ್ಮತ್ತಿಯಂಥ ವಿಷದ ಗಿಡಗಳೂ ಇದೇ ಕುಲದವಾದುದರಿಂದ ಆ ಜನರ ಅಂಜಿಕೆಯನ್ನು ಬರಿಯ ಮೌಢ್ಯವೆನ್ನುವುದು ನ್ಯಾಯವಲ್ಲ.

ಭಾರತಕ್ಕೆ ಇದು ಪೋರ್ಚುಗೀಜರ ಹಡಗುಗಳಲ್ಲಿ ಬಂದಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಇಲ್ಲಿ ವಿಚಾರಯೋಗ್ಯವಾದ ಸಂಗತಿಯೊಂದಿದೆ. ಮೆಣಸಿನಕಾಯಿಯೂ ಅದೇ ಖಂಡದ್ದು, ಅದೇ ಸಸ್ಯಕುಲದ್ದು. ಆದರೂ ಅದು ಬೇಗನೆ ನೆಲದ ಮಗುವಾಗಿ, ಹಳೆಯ ಮೆಣಸಿನ ಹೆಸರನ್ನೇ ತನ್ನದಾಗಿಸಿಕೊಂಡಿತು. ಟೊಮೆಟೊ ಮಾತ್ರ ಬಹುಕಾಲ ಹೊರಗೇ ನಿಂತಿತು. ಬಂಗಾಳದಲ್ಲಿ ಅದಕ್ಕೆ ‘ವಿಲಾಯತಿ ಬದನೆ’ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾರ್ಜ್ ವಾಟ್ ತನ್ನ ಮಹಾಕೋಶದಲ್ಲಿ, ದೇಶೀಯರು ಇದನ್ನು ಈಗೀಗ ಮೆಚ್ಚತೊಡಗಿದ್ದಾರೆ, ಆದರೂ ಬೆಳೆಯುವುದು ಮುಖ್ಯವಾಗಿ ಯೂರೋಪಿಯನರಿಗಾಗಿಯೇ ಎಂಬರ್ಥದ ಮಾತನ್ನು ಬರೆದನು.

ಈ ವಿಳಂಬಕ್ಕೆ ಕಾರಣವನ್ನು ಮಡಿವಂತಿಕೆಯಲ್ಲಿ ಹುಡುಕುವುದಕ್ಕಿಂತ ಅಡುಗೆಮನೆಯ ಉಗ್ರಾಣದಲ್ಲಿ ಹುಡುಕುವುದು ಮೇಲು. ಮೆಣಸು ಬೆಲೆಯುಳ್ಳ ಪದಾರ್ಥ. ಮಲೆನಾಡು ಕರಾವಳಿಗಳಲ್ಲಲ್ಲದೆ ಬೆಳೆಯದು. ಮೆಣಸಿನಕಾಯಿಯಾದರೋ ಬಡವನ ಹೊಲದಲ್ಲಿಯೂ ಬೆಳೆದು, ಒಣಗಿಸಿದರೆ ವರ್ಷವೆಲ್ಲ ನಿಲ್ಲುವುದು. ಆದುದರಿಂದ ಅದಕ್ಕೆ ಮಾಡಲು ಕೆಲಸವಿದ್ದಿತು. ಟೊಮೆಟೊ ತಂದುದು ಹುಳಿಯನ್ನು. ಹುಳಿಗೆ ಈ ನಾಡಿನಲ್ಲಿ ಯಾವ ಕೊರತೆಯಿತ್ತು? ಹುಣಸೆ, ನಿಂಬೆ, ಮಾವಿನಕಾಯಿ, ಅಮಟೆಕಾಯಿ, ಮುರುಗಲು, ಹುಳಿಮಜ್ಜಿಗೆ, ಒಂದಿಲ್ಲದಿದ್ದರೆ ಇನ್ನೊಂದು. ಮಣ್ಣಿನ ಗಡಿಗೆಯಲ್ಲಿ ಉಪ್ಪು ಬೆರೆಸಿ ಅದುಮಿಟ್ಟ ಹುಣಸೆಹಣ್ಣು ಮುಂದಿನ ಸುಗ್ಗಿಯವರೆಗೆ ಕೆಡದು. ಟೊಮೆಟೊ ಹಣ್ಣಾಗಿ ಎಂಟು ದಿನ ನಿಲ್ಲಲಾರದು. ದಿನವೂ ತರಕಾರಿ ಕೊಳ್ಳುವ ಪೇಟೆಯ ಬಾಳು ಬೆಳೆದ ಮೇಲೆಯೇ ಇಂಥ ಹಣ್ಣಿಗೆ ಅಡುಗೆಮನೆಯಲ್ಲಿ ಮಣೆ ಸಿಕ್ಕಿತು.

ಮಡಿಯ ಮಾತೂ ಸುಳ್ಳಲ್ಲ. ಪುರಿಯ ಜಗನ್ನಾಥನ ಪಾಕಶಾಲೆಯಲ್ಲಿ ಆಲೂಗಡ್ಡೆ, ಟೊಮೆಟೊಗಳಿಗೆ ಇಂದಿಗೂ ಪ್ರವೇಶವಿಲ್ಲ. ಕನ್ನಡನಾಡಿನ ಸಂಪ್ರದಾಯಸ್ಥರ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಅದು ಸಲ್ಲದು. ವಿಚಿತ್ರವೆಂದರೆ, ಅದರ ದಾಯಾದಿಯಾದ ಬದನೆಯು ಉಡುಪಿಯ ಸೀಮೆಯಲ್ಲಿ ಮಟ್ಟುಗುಳ್ಳವಾಗಿ, ವಾದಿರಾಜರ ಪ್ರಸಾದವೆಂಬ ಐತಿಹ್ಯದೊಡನೆ ಗೌರವ ಪಡೆದಿದೆ. ವರ್ಷದ ಎಲ್ಲ ದಿನ ಟೊಮೆಟೊ ಸಾರನ್ನು ಉಂಡವರೂ ಹಿರಿಯರ ತಿಥಿಯಂದು ಹುಣಸೆಗೆ ಮರಳುವರು. ಸತ್ತವರಿಗೆ ಅವರು ಬಲ್ಲ ಊಟವನ್ನೇ ಬಡಿಸಬೇಕೆಂಬ ಭಾವನೆ ಇದರಲ್ಲಿ ಅಡಗಿದ್ದರೆ ಅದನ್ನು ನಗುವಂತಿಲ್ಲ.

ಹಿತ್ತಿಲಿನಲ್ಲಿ ಇದನ್ನು ಬೆಳೆಯುವುದು ಕಷ್ಟವಲ್ಲ, ಆದರೆ ಉದಾಸೀನವನ್ನು ಈ ಗಿಡ ಸಹಿಸದು. ಪಾತಿಯಲ್ಲಿ ಬಿತ್ತಿದ ಬೀಜವು ನಾಲ್ಕು ವಾರಗಳಲ್ಲಿ ನಾಟಿಗೆ ಬರುವುದು. ಕಾಂಡದಿಂದಲೂ ಬೇರೊಡೆಯುವ ಗುಣವಿರುವುದರಿಂದ ಸಸಿಯನ್ನು ಸ್ವಲ್ಪ ಆಳವಾಗಿ ನೆಡುವುದು ಲೇಸು. ಒಂದು ದಿನ ಕೊಡಗಟ್ಟಲೆ ನೀರೆರೆದು ನಾಲ್ಕು ದಿನ ಮರೆತರೆ, ಸುಣ್ಣದಂಶವು ಕಾಯಿಗೆ ಸರಿಯಾಗಿ ಏರದೆ, ಅದರ ತುದಿ ಕಪ್ಪಾಗಿ ಕೊಳೆಯುತ್ತದೆ. ಗೃಹಿಣಿಯರು ಇದನ್ನು ಹುಳುವಿನ ಕಾಟವೆಂದು ತಪ್ಪು ತಿಳಿಯುವುದುಂಟು. ಎಲೆ ಮುದುಡುವ ರೋಗವಾದರೋ ಬಿಳಿನೊಣ ಹೊತ್ತು ತರುವ ವಿಷಾಣುವಿನಿಂದ ಬರುವುದು. ಆ ಗಿಡವನ್ನು ಕಿತ್ತು ಸುಡದೆ ಗತಿಯಿಲ್ಲ. ಅಡುಗೆಯಲ್ಲಿಯೂ ಒಂದು ಎಚ್ಚರ ಬೇಕು: ಬೇಳೆ ಬೇಯುವ ಮೊದಲೇ ಹಣ್ಣನ್ನು ಹಾಕಿದರೆ ಹುಳಿಯ ಬಲದಿಂದ ಬೇಳೆ ಗಟ್ಟಿಯಾಗಿಯೇ ಉಳಿಯುವುದು. ಹಣ್ಣಿಗೆ ಕೆಂಪು ಕೊಡುವ ಲೈಕೋಪೀನ್ ಎಂಬ ವಸ್ತುವು ಹಸಿಯಾಗಿ ತಿಂದುದಕ್ಕಿಂತ ಎಣ್ಣೆಯಲ್ಲಿ ಬೆಂದಾಗಲೇ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಒಗ್ಗರಣೆಯಲ್ಲಿ ಬಾಡಿಸಿ ಗೊಜ್ಜು ಮಾಡುವ ರೂಢಿಗೆ ವಿಜ್ಞಾನದ ಒಪ್ಪಿಗೆಯೂ ದೊರೆತಂತಾಯಿತು.

ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿರುವ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅರ್ಕಾ ವಿಕಾಸ, ಅರ್ಕಾ ಸೌರಭ, ಮೂರು ರೋಗಗಳನ್ನು ತಡೆಯಬಲ್ಲ ಅರ್ಕಾ ರಕ್ಷಕ್ ಮುಂತಾದ ತಳಿಗಳು ಹೊರಬಂದವು. ಕೋಲಾರದ ಮಾರುಕಟ್ಟೆ ದೇಶದ ದೊಡ್ಡ ಟೊಮೆಟೊ ಪೇಟೆಗಳಲ್ಲಿ ಒಂದಾಯಿತು. ನಿಲ್ಲದ ಹಣ್ಣೆಂಬ ಹಳೆಯ ದೋಷ ಮಾತ್ರ ಹೋಗಲಿಲ್ಲ. ಹಿಂದೆ ಅದು ಹಣ್ಣನ್ನು ಅಡುಗೆಮನೆಯಿಂದ ದೂರವಿಟ್ಟಿತು, ಈಗ ಬೆಳೆದವನ ಹಣೆಬರಹವನ್ನು ಬರೆಯುತ್ತಿದೆ. 2021ರ ಮೇ ತಿಂಗಳಿನಲ್ಲಿ, ಸಾಂಕ್ರಾಮಿಕದ ನಿರ್ಬಂಧಗಳ ನಡುವೆ ಕೊಳ್ಳುವವರಿಲ್ಲದೆ, ಕೋಲಾರದ ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದರು. 2023ರ ಜುಲೈಯಲ್ಲಿ ಅದೇ ಪೇಟೆಯಲ್ಲಿ ಹದಿನೈದು ಕಿಲೋ ತೂಕದ ಪೆಟ್ಟಿಗೆಯ ಬೆಲೆ ಎರಡು ಸಾವಿರ ರೂಪಾಯಿಗಳನ್ನು ಮೀರಿತು. ಆ ತಿಂಗಳು ಎಷ್ಟೋ ಮನೆಗಳಲ್ಲಿ ಸಾರಿಗೆಂದು ಮತ್ತೆ ಹುಣಸೆಹಣ್ಣನ್ನೇ ನೆನೆಯಿಟ್ಟರು.