ಪವೆಲ್ ಸರೋವರದಲ್ಲಿ ಪಟ್ಟೆ ಬಾಸ್ ಮೀನು ಹಿಡಿಯುವ ಬಗೆಗೆ ಮಾಹಿತಿ

ಅಮೆರಿಕದ ಯೂಟಾ ಹಾಗೂ ಅರಿಜೋನ ರಾಜ್ಯಗಳ ಗಡಿಯಲ್ಲಿರುವ ಪವೆಲ್ ಜಲಾಶಯಕ್ಕೆ ಪಟ್ಟೆ ಬಾಸ್ ಮರಿಗಳನ್ನು 1974ರಲ್ಲಿ ಬಿಡಲಾಯಿತು. ಶ್ಯಾಡ್ ಎಂಬ ಸಣ್ಣ ಮೀನು ಇವುಗಳ ಮುಖ್ಯ ಆಹಾರ. ಬಾಸ್ ಮಿತಿಮೀರಿ ಹೆಚ್ಚಿದಲ್ಲಿ ಶ್ಯಾಡ್ ಕ್ಷೀಣಿಸಿ, ಬಾಸ್ ಮೀನುಗಳೇ ಹಸಿವಿನಿಂದ ಕೃಶವಾಗುತ್ತವೆ. ಆದುದರಿಂದ ಇವುಗಳನ್ನು ಹಿಡಿಯಲು ಸಂಖ್ಯೆಯ ಮಿತಿ ಇರುವುದಿಲ್ಲ. ಹಿಡಿದುದನ್ನು ಮರಳಿ ನೀರಿಗೆ ಬಿಡದಿರುವುದೇ ಒಳಿತು.

ಶ್ಯಾಡ್ ಮೀನನ್ನು ಹೋಲುವ, ಬಾಲ ಅಲುಗುವ ಮೃದು ಪ್ಲಾಸ್ಟಿಕ್ ಮೀನಿಗೆ ಸ್ವಿಮ್‌ಬೇಟ್ ಎನ್ನುತ್ತಾರೆ. ಇದನ್ನು ಗಾಳಕ್ಕೆ ತೊಡಿಸಿ, ಗಂಟೆಗೆ 3ರಿಂದ 5 ಕಿ.ಮೀ. ವೇಗದ ದೋಣಿಯ ಹಿಂದೆ ಎಳೆಯುವುದೇ ಟ್ರೋಲಿಂಗ್. ವೇಗಕ್ಕಿಂತಲೂ ಆಳವೇ ಮುಖ್ಯ. ಬೇಸಿಗೆಯಲ್ಲಿ ದೊಡ್ಡ ಮೀನುಗಳು ತಂಪು ನೀರನ್ನರಸಿ ಕೆಳಗಿಳಿಯುವುದರಿಂದ ಗಾಳಕ್ಕೆ ಹೆಚ್ಚು ತೂಕ ಕಟ್ಟಬೇಕಾಗುತ್ತದೆ.

ಎರಡರಲ್ಲಿ ಯಾವುದೇ ರಾಜ್ಯದ ಮೀನುಗಾರಿಕೆ ಪರವಾನಗಿಯು ಇಡೀ ಸರೋವರಕ್ಕೆ ಅನ್ವಯಿಸುತ್ತದೆ. ಕ್ವಾಗಾ ಚಿಪ್ಪುಜೀವಿಗಳು ಬೇರೆ ಕೆರೆಗಳಿಗೆ ಹರಡದಂತೆ, ಹಿಂದಿರುಗುವ ಮುನ್ನ ದೋಣಿಯ ನೀರನ್ನು ಬಸಿದು, ಶುಚಿಗೊಳಿಸಿ ಒಣಗಿಸತಕ್ಕದ್ದು.